ಹೆಗಲ ಮೇಲಿನ ಸೀರೆ

ಮೊನ್ನೆ ಹುಮನಾಬಾದಿನ ಮನೆಯಲ್ಲಿ ಹೆಂಡತಿ ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಗಂಜಿಯ ವಾಸನೆ ಬಂತು. ಕಾಕಾ ನೆನಪಾದರು...

ಬಿ.ಎ. ಮುಗಿಸಿ ಬಸವಕಲ್ಯಾಣದ ಒಂದು ಸೀರೆ ಅಂಗಡಿಯಲ್ಲಿ ಮೂರು ವರ್ಷ ದುಡಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲಿಗ. ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು ಓದಿಸಿದ್ದಳು. ಅಂಗಡಿಯ ಸಾವಕಾರರಿಗೆ ನನ್ನ ಡಿಗ್ರಿಯೇ ನಗೆಯ ಸರಕು. ಗಿರಾಕಿಗಳು ತುಂಬಿದ್ದಾಗಲೇ, "ಗ್ರ್ಯಾಜುಯೇಟ್ ಸಾಹೇಬ್ರ, ಕಸಾ ಹೊಡ್ಯೋದು ಯಾವ ಕಾಲೇಜಿನಾಗ ಕಲ್ತ್ರಿ?" ಎನ್ನುವರು. ನಾನೂ ನಗುತ್ತಿದ್ದೆ, ನಗದಿದ್ದರೆ ಮತ್ತೊಂದು ಬರುತ್ತಿತ್ತು. ಬೆಳಿಗ್ಗೆ ಶಟರ್ ಎತ್ತುವಾಗಲೇ ಮೈ ಸೋತಿರುತ್ತಿತ್ತು.

ಎಲ್ಲರೂ ಕಾಕಾ ಎಂದು ಕರೆಯುತ್ತಿದ್ದವರು ಅಲ್ಲಿನ ಹಿರಿಯ ಸೇಲ್ಸ್‌ಮನ್. ಗಿರಾಕಿಗೆ ತೋರಿಸುವಾಗ ಸೆರಗನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು, ನೆರಿಗೆ ಹಿಡಿದು ನಿಲ್ಲುವರು. ಆ ಕೆಲಸವೇ ಹಾಗೆ. ಸಾವಕಾರರು ಅವರಿಗೆ 'ಅಂಗಡಿ ಸೊಸಿ' ಎಂದು ಹೆಸರಿಟ್ಟಿದ್ದರು.

ಒಮ್ಮೆ ಅವ್ವ ನನ್ನನ್ನು ನೋಡಲು ಬಂದಳು. ಸಾವಕಾರರು ಅವಳತ್ತ ತಿರುಗಿ ಬಾಯಿ ತೆರೆಯುವಷ್ಟರಲ್ಲಿ, ಕಾಕಾ ಸೆರಗನ್ನು ತಲೆತುಂಬ ಹೊದ್ದುಕೊಂಡು ನಿಂತರು. ನಗೆಯೆಲ್ಲ ಅತ್ತ ಹರಿಯಿತು. ಅವ್ವ ಪಾರಾದಳು. ಅಲ್ಲಿಯವರೆಗೆ ನಾನು ಅವರನ್ನು ಮಳ್ಳ ಅಂದುಕೊಂಡಿದ್ದೆ...

ಮುಂದೆ ಅವರ ಮಗಳ ಮದುವೆ ಕೂಡಿತು. ಜವಳಿಗೆ ಬೀಗರು ನಮ್ಮ ಅಂಗಡಿಗೇ ಬರುವವರಿದ್ದರು. ಹಿಂದಿನ ದಿನ ಕಾಕಾ ಸಾವಕಾರರಿಗೆ ಕೈ ಮುಗಿದು, "ನಾಳಿ ಒಂದಿನ ನಗಿ ಮಸ್ಕರಿ ಬ್ಯಾಡ್ರಿ" ಎಂದರು. ಸಾವಕಾರರು ಹೂಂ ಅಂದಿದ್ದರು.

ಮರುದಿನ ಕಾಕಾ ಸೀರೆ ಹೆಗಲಿಗೇರಿಸಿದ್ದೇ ತಡ, ಸಾವಕಾರರು "ಬೀಗರ, ನಿಮಗ ಯಾವ ಸೊಸಿ ಬೇಕ್ರಿ? ನಮ್ಮ ಈ ಸೊಸಿ ಸೆರಗ ಛಲೋ ಹೊದ್ಕೋತಾಳ!" ಎಂದರು. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಜೊತೆಗೆ ಬಂದಿದ್ದ ಕಾಕಾ ಅವರ ಮಗಳು ತಲೆ ತಗ್ಗಿಸಿದಳು.

ಕಾಕಾ ಸೀರೆ ಇಳಿಸಿದರು. ಅಂಚಿಗೆ ಅಂಚು ಕೂಡಿಸಿ ಮಡಚಿ ನನ್ನ ಕೈಗಿಟ್ಟರು. "ತಮ್ಮಾ, ಉಳಿದದ್ದು ನೀ ತೋರಸು" ಎಂದು ಚಪ್ಪಲಿ ಮೆಟ್ಟಿ ಹೊರಟರು. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಸಾವಕಾರರು ಆ ಮಾತು ಶುರು ಮಾಡಿದಾಗ ನನ್ನ ಕೈಯಲ್ಲೂ ಒಂದು ಸೀರೆ ಇತ್ತು. ತಲೆ ಮೇಲೆ ಹೊದ್ದುಕೊಂಡಿದ್ದರೆ ನಗೆ ನನ್ನತ್ತ ಬರುತ್ತಿತ್ತು. ಹಾಗೆ ಮಾಡಲಿಲ್ಲ. ಎಲ್ಲರ ಜೊತೆ ನಾನೂ ನಕ್ಕೆ.

ಈಗ ಆಫೀಸಿನಲ್ಲಿ ನನ್ನ ಕೈಕೆಳಗೆ ಐದು ಜನ. ನಾನು ನಗುವುದೇ ಇಲ್ಲ ಎಂದು ಅವರ ದೂರು. ಕಾಕಾ ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳ ಮೇಲೆ, ಬಸ್ ನಿಲ್ದಾಣದಲ್ಲಿ, ಯಾರದೋ ಬಾಯಿಂದ...

"ಸೀರಿ ಹ್ಯಾಂಗ ಅದರಿ?" ಎಂದಳು ಹೆಂಡತಿ. ಛಲೋ ಅದ ಅಂದೆ. ಸೀರೆಯನ್ನು ನಾನೇ ಮಡಚಿದೆ, ಅಂಚಿಗೆ ಅಂಚು ಕೂಡಿಸಿ. ಎರಡು ಸಲ ಬಿಚ್ಚಿ ಮಡಚಿದರೂ ಅವರ ಹಾಗೆ ಕೂಡಲಿಲ್ಲ.