ಮೂರು ಮನೆ, ನಾಲ್ಕು ಉಡಿ

೧೯೬೬ನೇ ಇಸವಿ ನವೆಂಬರ್ ೧೩, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಇದನ್ನು ಬರೆಯತೊಡಗಿದ್ದೇನೆ. ಎದುರಿಗೆ ಟ್ರಂಕು ಬಾಯಿ ತೆರೆದುಕೊಂಡಿದೆ. ಚಳಿಗೆ ಕೌದಿ ತೆಗೆಯಲು ಹೋದ ನನ್ನ ಹೆಂಡತಿ ಸುಶೀಲಾ, ತಳದಲ್ಲಿದ್ದ ಹಸಿರು ಬಣ್ಣದ ಕುಬಸದ ಖಣವೊಂದನ್ನು ಎತ್ತಿ ಹೊರಗಿಟ್ಟಿದ್ದಾಳೆ. ಎಂಟು ವರ್ಷ ಬೇವಿನ ಎಲೆಯ ನಡುವೆ ಮಲಗಿದ್ದ ಬಟ್ಟೆ. ಬೇವಿನ ವಾಸನೆ ಬರಬೇಕಿತ್ತು. ಬರುತ್ತಿರುವುದು ಹಸಿ ಅರಿಶಿನದ ವಾಸನೆ.

ನಾನು ಲೆಕ್ಕದ ಮನುಷ್ಯ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಹೊಲ ಅಳೆಯುವ ಮೋಜಣಿ ಕೆಲಸ ನನ್ನದು. ಹದಿನಾಲ್ಕನೆಯ ವಯಸ್ಸಿನಿಂದ ಡೈರಿ ಬರೆಯುತ್ತೇನೆ. ಎದ್ದ ಹೊತ್ತು, ನಡೆದ ಮೈಲಿ, ಭೇಟಿಯಾದವರು, ಉಂಡ ಪಲ್ಯ, ಎಲ್ಲವೂ ಅದರಲ್ಲಿರುತ್ತವೆ. ಮದುವೆಯ ದಿನ ಎಷ್ಟು ಜನ ಅಕ್ಷತೆ ಹಾಕಿದರೆಂದು ಎಣಿಸುತ್ತಿದ್ದವನನ್ನು ಭಟ್ಟರು ಎರಡು ಸಲ ಗದರಿದ್ದರು. ಅದೂ ಡೈರಿಯಲ್ಲಿದೆ. ಇಂಥ ಪುಸ್ತಕದಲ್ಲಿ ಒಂದೇ ಒಂದು ಲೆಕ್ಕ ಇಂದಿಗೂ ತಾಳೆಯಾಗಿಲ್ಲ. ಅದನ್ನೇ ನಿಮಗೆ ಹೇಳಲು ಹೊರಟಿದ್ದೇನೆ.

ಹೊಸ ಮದುಮಕ್ಕಳನ್ನು ಬಳಗದವರು ಊಟಕ್ಕೆ ಕರೆದು ಹೆಣ್ಣುಮಗಳ ಉಡಿ ತುಂಬುವುದು ನಿಮಗೂ ಗೊತ್ತಿರುವ ಪದ್ಧತಿಯೇ. ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಮೇಲೊಂದು ಖಣ. ತುಂಬಿಸಿಕೊಂಡವಳು ಐದು ಕಾಳು ಅಕ್ಕಿಯನ್ನು ಮರಳಿ ತಟ್ಟೆಗೆ ಹಾಕಬೇಕು. ಕೊಟ್ಟವರ ಮನೆ ಬರಿದಾಗಬಾರದು. ೧೯೫೮ರ ಫೆಬ್ರವರಿಯಲ್ಲಿ ನಮ್ಮನ್ನು ಹೀಗೆ ಕರೆದವರು ಮೂರು ಮನೆಯವರು: ಶಿಗ್ಗಾವಿಯಲ್ಲಿ ಸುಶೀಲಾಳ ಸೋದರಮಾವ, ಸವಣೂರಿನಲ್ಲಿ ನನ್ನ ಅಕ್ಕ, ಹಿರೇಕೆರೂರಿನಲ್ಲಿ ನನ್ನ ಅವ್ವನ ತಂಗಿ, ಅಂದರೆ ಚಿಗವ್ವ. ಗೆಳೆಯನೊಬ್ಬನ ಹಳೆಯ ಫಟಫಟಿ ಮೋಟಾರ್ ಸೈಕಲ್ಲನ್ನು ಎರವಲು ತಂದು, ಮೂರು ದಿನದ ತಿರುಗಾಟಕ್ಕೆ ಹೊರಟೆವು.

ಶಿಗ್ಗಾವಿಯಲ್ಲಿ ಎಲೆಯ ಮುಂದೆ ಕುಳಿತೇ ಪುಸ್ತಕ ತೆಗೆದೆ. ಮಾವ ಪಂಕ್ತಿಗೆಲ್ಲ ಕೇಳುವಂತೆ, “ಅಳಿಯಂದ್ರು ಉಣ್ಣಾಕ ಬಂದಾರೋ, ನಮ್ಮ ಅಡಿಗಿಮನಿ ಮೋಜಣಿ ಮಾಡಾಕ ಬಂದಾರೋ?” ಎಂದರು. ಸವಣೂರಿನಲ್ಲಿ ಆ ಆನೆಗಾತ್ರದ ದೊಡ್ಡ ಹುಣಸೆ ಮರಗಳನ್ನು ಕಂಡಾಗ ನನಗೆ ತಡೆಯಲಾಗಲಿಲ್ಲ. ಸುಶೀಲಾಳ ಕೈಯನ್ನು ನನ್ನ ಕೈಗೆ ಜೋಡಿಸಿ ಒಂದರ ಸುತ್ತಳತೆ ತೆಗೆದೆ. “ಮದುವ್ಯಾಗಿ ಹದಿನೆಂಟ ದಿನಕ್ಕ ಕೈ ಹಿಡದ್ರಿ, ಅದೂ ಗಿಡಾ ಅಳ್ಯಾಕ,” ಎಂದು ಅವಳು ನಕ್ಕಳು. ಆಗ ಅವಳು ಹೀಗೆ ಎಲ್ಲದಕ್ಕೂ ನಗುತ್ತಿದ್ದಳು. ಆ ನಗುವನ್ನು ನೆನಪಿಟ್ಟುಕೊಳ್ಳಿ.

ಮೂರನೆಯ ದಿನ ಹಾವೇರಿ ದಾಟಿ ಹಿರೇಕೆರೂರಿನ ದಾರಿ ಹಿಡಿದ ಮೇಲೆ ಗಾಡಿ ನಿಂತಿತು. ಡೈರಿಯಲ್ಲಿರುವುದು ಇಷ್ಟೇ: “೧೨-೧೦ರಿಂದ ೧೨-೪೫, ಪ್ಲಗ್ಗಿಗೆ ಮಸಿ. ಸು. ನೀರು ಕೇಳಲು ಹೋದಳು.” ನಾನು ಪ್ಲಗ್ಗು ಒರೆಸುತ್ತಿದ್ದೆ, ಒರೆಸಿದ್ದನ್ನು ಬರೆಯುತ್ತಿದ್ದೆ. ಅವಳು ಯಾವ ಕಡೆ ಹೋದಳೆಂದು ತಲೆ ಎತ್ತಿ ನೋಡಲಿಲ್ಲ. ಜೋಳ ಕೊಯ್ದ ಬಯಲು, ನೆತ್ತಿಯ ಮೇಲೆ ಸೂರ್ಯ, ಹಕ್ಕಿಯ ದನಿಯೂ ಇಲ್ಲ. ನನ್ನ ಪೆನ್ಸಿಲ್ಲು ಕಾಗದದ ಮೇಲೆ ಓಡುವ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು.

ಬಂದವಳ ಕೈಯಲ್ಲಿ ನೀರಿರಲಿಲ್ಲ. ಎರಡೂ ಕೈಯಿಂದ ಸೆರಗು ಒತ್ತಿ ಹಿಡಿದಿದ್ದಳು.

“ನೀರು ಸಿಗಲಿಲ್ಲೇನು?”

“ಹೋಗೂನ ನಡೀರಿ.”

ಏರಿನಲ್ಲಿ ಗಾಡಿ ಮೂರು ಮಂದಿ ಹತ್ತಿದಂತೆ ಏದುಸಿರು ಬಿಟ್ಟಿತು. ಹಿಂದಿನಿಂದ ಮಾತಿಲ್ಲ, ನಗುವಿಲ್ಲ. ಹಿರೇಕೆರೂರಿನಲ್ಲಿ ಚಿಗವ್ವ ಬಾಗಿಲಿಗೇ ತಂಬಿಗೆ ತಂದು, “ಬರ್ರಿ ಬರ್ರಿ, ಮೂವರೂ ಕಾಲು ತೊಳಕೊಳ್ರಿ,” ಎಂದಳು. ಆಮೇಲೆ ತಾನೇ ಹಣೆ ಬಡಿದುಕೊಂಡು, “ಇದ್ದವರಿಬ್ಬರು, ಮೂವರು ಅಂದೆನಲ್ಲ. ಬಿಸಲಿಗೆ ಕಣ್ಣ ಮಂಜಾಗ್ಯಾವು,” ಎಂದು ನಕ್ಕಳು. ಸುಶೀಲಾ ನಗಲಿಲ್ಲ. ಉಡಿ ತುಂಬುವಾಗಲೂ ಸೆರಗಿನ ಗಂಟು ಬಿಚ್ಚಲಿಲ್ಲ. “ಚೀಲದಾಗ ಹಾಕ್ರಿ ಚಿಗವ್ವಾ, ಇದು ಮನಿತನಕಾ ಬಿಚ್ಚೂ ಹಂಗಿಲ್ಲ,” ಎಂದಳು. ಹರಕೆಯೇನೋ ಎಂದುಕೊಂಡು ಚಿಗವ್ವ ಚೀಲಕ್ಕೇ ಹಾಕಿದಳು. ರಾತ್ರಿ ಉಳಿಯಬೇಕಿದ್ದವರು ಅವಳ ಒತ್ತಾಯಕ್ಕೆ ಮೂರೂವರೆಗೇ ಹೊರಟೆವು. ತಿಳವಳ್ಳಿ ದಾಟಿದ ಮೇಲೂ ಅವಳು ಹಿಂದೆ ತಿರುಗಿ ನೋಡಲಿಲ್ಲ. ಹತ್ತೊಂಬತ್ತು ದಿನದ ಹೆಂಡತಿ ನನ್ನ ಬೆನ್ನಿಗೇ ಕುಳಿತಿದ್ದಳು. ಆದರೂ ಅವಳನ್ನು ಎಲ್ಲೋ ಬಿಟ್ಟು ಬಂದೆನೇನೋ ಎಂಬ ಹೆದರಿಕೆ ನನಗೆ ಶುರುವಾಯಿತು. ಎರಡು ಸಲ ನೆವ ಮಾಡಿ ಗಾಡಿ ನಿಲ್ಲಿಸಿ ಅವಳ ಮುಖ ನೋಡಿದೆ.

ನಮ್ಮೂರ ಆನೆಕೆರೆಯ ನೀರು ಕಂಡಾಗ ಐದೂ ನಲವತ್ತು. ಮೂರು ದಿನ ಊರು ಬಿಟ್ಟವನಿಗೆ ತನ್ನ ಮನೆಯ ಬಾಗಿಲು ಇಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಅದೇ ಸವೆದ ಕಟ್ಟೆ, ಅದೇ ಕುಳ್ಳಿನ ಹೊಗೆ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಅವ್ವ ಎದ್ದು ಬಂದು ರೊಟ್ಟಿಯ ತುಂಡು ನಿವಾಳಿಸಿ ಒಗೆದಳು. ಸುಶೀಲಾ ಹೊಸ್ತಿಲ ಬಳಿ ತುಸು ಪಕ್ಕಕ್ಕೆ ಸರಿದು ನಿಂತಳು, ಹಿಂದಿದ್ದವರಿಗೆ ದಾರಿ ಬಿಡುವಂತೆ. ಆಮೇಲೆ ತಾನು ದಾಟಿದಳು. ದಾಟಿದವಳೇ ಉಸಿರು ಬಿಟ್ಟು ನಕ್ಕಳು, ಹಳೆಯ ನಗುವನ್ನೇ. ನನ್ನ ಹೆಂಡತಿ ಆಗ ಮನೆಗೆ ಬಂದಳು.

ಅವ್ವ ಉಡಿಯ ಸಾಮಾನು ಹರಡಿಕೊಂಡು, “ಎಷ್ಟ ಮನಿ ಆದವೋ?” ಎಂದಳು. ನಾನು ಪುಸ್ತಕ ನೋಡಿ ಮೂರು ಎಂದೆ.

“ಖಣಾ ನಾಲ್ಕ ಅದಾವಲ್ಲೋ, ಲೆಕ್ಕದವನ!”

ಆಗ ಸುಶೀಲಾ ಹೇಳಿದಳು. ಬಯಲಿನಲ್ಲಿ ಒಂದು ಕಲ್ಲಿನ ಹೊಸ್ತಿಲ ಮನೆ. ಬಾಗಿಲಲ್ಲಿ ಹಸಿರು ಸೀರೆಯ ಹೆಣ್ಣುಮಗಳು, ಮುಂದೆ ತುಂಬಿಟ್ಟ ತಟ್ಟೆ. “ಬಾರವ್ವಾ, ಎಷ್ಟೊತ್ತಿಂದ ಹಾದಿ ನೋಡಾಕತ್ತೇನಿ,” ಎಂದಳಂತೆ. ಉಡಿ ತುಂಬಿದ ಮೇಲೆ ಇವಳು ಐದು ಕಾಳು ಮರಳಿ ಕೊಡಹೋದರೆ, ತಟ್ಟೆ ಹಿಂದಕ್ಕೆಳೆದುಕೊಂಡಳಂತೆ. “ನನಗ ಬ್ಯಾಡವ್ವ. ನಾನೂ ತೌರಿಗಿ ಹೊಂಟಾಕೀನ, ಮುಟ್ಟಲಿಲ್ಲ. ನೀ ಮುಟ್ಟತಿ. ಮನಿತನಕಾ ಬಿಚ್ಚಬ್ಯಾಡ.”

ಅವ್ವನ ಕೈ ನಿಂತುಬಿಟ್ಟಿತು. “ಹಾದ್ಯಾಗಿನ ಉಡಿ ಒಳಗ ಬ್ಯಾಡ. ಕೆರಿಗಿ ಬಿಟ್ಟ ಬಾ,” ಎಂದು ನನ್ನ ಕಡೆ ನೋಡಿದಳು.

“ಒಲ್ಲೆರಿ ಅತ್ತಿ,” ಎಂದಳು ಸುಶೀಲಾ. ಅತ್ತೆಗೆ ಅವಳು ಎದುರಾಡಿದ ಮೊದಲ ಮಾತು ಅದು. “ಮನಿ ಮುಟ್ಟಸ್ತೇನಿ ಅಂತ ಇಸಕೊಂಡ ಬಂದೇನಿ. ಮತ್ತ ಹಾದಿಗಿ ಹ್ಯಾಂಗ ಹಾಕಲಿ?”

ಅವ್ವ ಆ ಹಸಿರು ಖಣವನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ತಾನೇ ಆ ಅಕ್ಕಿ ತೊಳೆದು ಒಲೆಗಿಟ್ಟಳು. ಮನೆಯಲ್ಲಿ ನಾವು ಮೂವರೇ. ಅವ್ವ ನಾಲ್ಕು ಎಲೆ ಹಾಕಿದಳು.

ಮುಂದಿನ ತಿಂಗಳು ನಾನೊಬ್ಬನೇ ಆ ಜಾಗ ಹುಡುಕಿ ಹೋದೆ. ಗಾಡಿಯಿಂದ ಸೋರಿದ ಎಣ್ಣೆಯ ಕಲೆ ರಸ್ತೆಯ ಮೇಲೆ ಇನ್ನೂ ಇತ್ತು. ಮನೆ ಇರಲಿಲ್ಲ. ಹೊಲದ ನಡುವೆ ಒಂದು ಕಲ್ಲಿನ ಹೊಸ್ತಿಲು ಮಾತ್ರ ಇತ್ತು. ಅದನ್ನು ಸುತ್ತುಹಾಕಿ ಕುಂಟೆ ಹೊಡೆಯುತ್ತಿದ್ದ ರೈತನನ್ನು ಕೇಳಿದೆ.

“ಮನಿ ನಮ್ಮಪ್ಪನೂ ನೋಡಿಲ್ರಿ. ಕಲ್ಲ ಐತಿ, ಕೀಳಂಗಿಲ್ಲ.”

“ಯಾಕ?”

“ಯಾಕಂತ ಕೇಳಿದವ್ರು ನೀವ ಮೊದಲ ನೋಡ್ರಿ.”

ಬಗ್ಗಿ ನೋಡಿದೆ. ಹೊಸ್ತಿಲ ಮೇಲೆ ಅರಿಶಿನ ಹಸಿಯಾಗಿತ್ತು. ಅಳತೆಯ ಟೇಪು ಕಿಸೆಯಲ್ಲೇ ಇತ್ತು, ತೆಗೆಯಲಿಲ್ಲ.

ಎಂಟು ವರ್ಷ ಇದನ್ನು ಎಣಿಕೆಯ ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಸುಶೀಲಾ ಆ ಖಣವನ್ನು ನನ್ನ ಡೈರಿಯ ಮೇಲೆ ಇಟ್ಟು, “ಅಕ್ಕಿ ನಮ್ಮ ಮನಿ ಮುಟ್ಟಿತ್ರಿ. ಆದ್ರ ಇದು ಆಕಿ ತೌರಲ್ಲ. ಖಣಾ ಇನ್ನೂ ಹಾದ್ಯಾಗ ಐತಿ,” ಎಂದು ಒಳಗೆ ಹೋದಳು. ೧೯೫೮ರ ಪುಸ್ತಕ ತೆಗೆದು, ಆ ಮೂರನ್ನು ಹೊಡೆದು ನಾಲ್ಕು ಎಂದು ಬರೆದಿದ್ದೇನೆ. ಅದರ ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ.

ಹಾವೇರಿ, ಹಿರೇಕೆರೂರು, ರಟ್ಟೀಹಳ್ಳಿ ಕಡೆಯ ಓದುಗರೇ, ತವರಿಗೆಂದು ಉಡಿ ತುಂಬಿಸಿಕೊಂಡು ಹೊರಟು ದಾರಿಯಲ್ಲೇ ಉಳಿದ ಹೆಣ್ಣುಮಗಳ ಸುದ್ದಿ ನಿಮ್ಮ ಮನೆಯ ಹಿರಿಯರು ಯಾರಾದರೂ ಬಲ್ಲರೇ? ಬಲ್ಲವರು ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಮೊದಲ ಸಾಲಿಗೆ ಅವಳ ಹೆಸರು ಬೇಕು. ಎರಡನೆಯದಕ್ಕೆ, ನಾವಿಬ್ಬರೂ ಖಣ ಹಿಡಿದು ಹೋಗಬೇಕಾದ ಊರು.