ಸತ್ಯಮ್ಮನ ಬರಿ ಮಣೆ

ಸಿರುಗುಪ್ಪದ ಸತ್ಯಮ್ಮನ ಬಿಗುಮಾನ ಎಂಥದೆಂದರೆ, ಹೊಟ್ಟೆಗಿಲ್ಲದಿದ್ದರೂ ಬಾಯಿಬಿಟ್ಟು ಕೇಳಿದವಳಲ್ಲ. ಗಂಡ ಸುಂಕಣ್ಣನ ಜೊತೆ ದೀಕ್ಷಾಸ್ನಾನ ಪಡೆದು ಕ್ರೈಸ್ತಳಾದಾಗ ಅತ್ತೆಮನೆಯವರು ಮುಖ ತಿರುಗಿಸಿದ್ದರು. ೧೯೪೬ರಲ್ಲಿ ಕಾಲರಾ ಬಂದು ಸುಂಕಣ್ಣ ತೀರಿಕೊಂಡ ಮೇಲೆ ಬಾಗಿಲನ್ನೇ ಮುಚ್ಚಿದರು. ಬಳ್ಳಾರಿಯ ಪಾದ್ರಿಗಳು ಆಕೆಯನ್ನು ಕುರುಗೋಡಿಗೆ ಕಳಿಸಿ, ಅಲ್ಲಿನ ಪ್ರಾರ್ಥನಾ ಮಂದಿರವನ್ನು ಗುಡಿಸಿ ಸಾರಿಸುವ ಕೆಲಸಕ್ಕೆ ಹಚ್ಚಿದರು. ಮಂದಿರದ ಹಿಂದಿನ ಕೋಣೆಯೇ ಆಕೆಯ ಮನೆ.

ಆ ಓಣಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಮಂದಿ ಎಂಬುದನ್ನು ರೊಟ್ಟಿ ಬಡಿಯುವ ಸದ್ದೇ ಹೇಳುತ್ತಿತ್ತು. ಒಂದೇ ರೊಟ್ಟಿಗೆ ಸದ್ದು ನಿಂತರೆ "ಪಾಪ, ಒಬ್ಬಾಕಿ" ಎಂದುಬಿಡುತ್ತಾರಲ್ಲ, ಸತ್ಯಮ್ಮನಿಗೆ ಆ "ಪಾಪ" ಬೇಡವಾಗಿತ್ತು. ತನ್ನ ರೊಟ್ಟಿ ಹೆಂಚಿಗೆ ಬಿದ್ದ ಮೇಲೂ ಬರಿ ಮಣೆಯನ್ನು ಅಂಗೈಯಿಂದ ತಟತಟನೆ ಬಡಿಯುತ್ತಲೇ ಇರುತ್ತಿದ್ದಳು. ಯಾರನ್ನೂ ಹೊಸ್ತಿಲು ದಾಟಿಸುತ್ತಿರಲಿಲ್ಲ. ಬಂಧುಬಳಗ ಬಂದಿಳಿದಿರಬೇಕು, ನಾವೇಕೆ ನಡುವೆ ಹೋಗುವುದು ಎಂದು ಮಂದಿರಕ್ಕೆ ಬರುವ ಕ್ರೈಸ್ತ ಸಭೆಯ ಹೆಂಗಸರೂ ದೂರವೇ ಉಳಿದರು.

ಎಲ್ಲರೆದುರು ನಗುನಗುತ್ತಾ ಇದ್ದವಳು ಖಾಲಿ ಮಂದಿರದಲ್ಲಿ ಮೊಣಕಾಲೂರಿ, "ಕರ್ತನೇ, ನನ್ನ ಕೂಡ ಮಾತಾಡಾಕ ಯಾರನ್ನಾರ ಕಳಸು" ಎಂದು ಬೇಡುತ್ತಿದ್ದಳು. ಕಳಿಸಿದರೆ ಒಳಗೆ ಬಿಟ್ಟುಕೊಳ್ಳಬೇಕು ಎಂಬುದು ಮಾತ್ರ ಈ ಜಾಣೆಗೆ ಹೊಳೆದಿರಲಿಲ್ಲ.

ಒಮ್ಮೆ ಚಳಿಜ್ವರ ಬಂದು ಮಲಗಿದಳು. ಸದ್ದು ನಿಂತಿತು. ಸಭೆಯವಳೇ ಆದ ಪಕ್ಕದ ಮನೆಯ ಪಾರಮ್ಮ ಕರೆದು ಕರೆದು ಸಾಕಾಗಿ, ಬಾಗಿಲು ತಳ್ಳಿ ಒಳಗೆ ಬಂದಳು. ಒಂದು ತಟ್ಟೆ, ಒಂದು ಚೊಂಬು, ಒಂದು ಕಂಬಳಿ.

"ನಿಮ್ಮ ಮಂದಿ ಎಲ್ಲಿ ಹೋದ್ರವ್ವ?"

ಸತ್ಯಮ್ಮ ಗೋಡೆಯ ಕಡೆ ಹೊರಳಿದಳು. "ಯಾರೂ ಇಲ್ಲಕ್ಕ. ಬರಿ ಮಣಿ ಬಡೀತಿದ್ದೆ."

ಪಾರಮ್ಮ ನಗಲಿಲ್ಲ. ಗಂಜಿ ಕಾಯಿಸಿ ಕುಡಿಸಿದಳು, ಜ್ವರ ಬಿಡುವವರೆಗೂ ಪಕ್ಕದಲ್ಲೇ ಕೂತಳು.

ಸಭೆಯವರು ದಿನವೂ ಅಡುಗೆಗೆ ಮೊದಲು ಒಂದು ಹಿಡಿ ಜೋಳ ತೆಗೆದಿಟ್ಟು, ಭಾನುವಾರ ಮಂದಿರಕ್ಕೆ ತಂದು ಸುರಿಯುವುದು ರೂಢಿ. ಇಲ್ಲದವರಿಗೆಂದು ಇಡುವ ಜೋಳ ಅದು. ಪಾರಮ್ಮನಿಂದ ಸುದ್ದಿ ತಿಳಿದು, ಆ ಭಾನುವಾರ ಸಭೆಯ ಹಿರಿಯ ಎರ್ರೆಪ್ಪ ಅದನ್ನು ಸತ್ಯಮ್ಮನ ಬಾಗಿಲಿಗೇ ಹೊರಿಸಿಕೊಂಡು ಬಂದ. ಹಿಂದೆ ಇಡೀ ಸಭೆ. ಸತ್ಯಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ನಾನು ಹಿಡಿಜೋಳ ಕೊಡಾಕಿ. ಇಸಗೊಳ್ಳಾಕಿ ಅಲ್ಲ."

ಪಾರಮ್ಮ ಮುಂದೆ ಬಂದಳು. "ಹಂಗಾದ್ರ ನೀನ ಕೊಡು. ಬೀಸಿ, ರೊಟ್ಟಿ ಬಡದು ನಮಗ ಉಣ್ಣಾಕ ಹಾಕು. ಕರ್ತ ಕಳಿಸಿದ ಮಂದಿನ್ನ ಬಾಗಿಲಾಗ ನಿಲ್ಲಸ್ತೀಯೇನು?"

ಸತ್ಯಮ್ಮನಿಗೆ ತನ್ನ ಬೇಡಿಕೆ ನೆನಪಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದಳು.

ಅಂದಿನಿಂದ ಭಾನುವಾರದ ಊಟ ಆಕೆಯ ಅಂಗಳದಲ್ಲೇ. ಆರಾಧನೆಗೆ ತಡವಾಗಿ ಬಂದವರಿಗೆ ರೊಟ್ಟಿಗಿಂತ ಮೊದಲು ಬೈಗುಳ ಬಡಿಸುತ್ತಿದ್ದಳು. ಎರ್ರೆಪ್ಪನಿಗೂ ಅದು ತಪ್ಪಿದ್ದಲ್ಲ. ಬೈಸಿಕೊಂಡವರೇ ಇನ್ನೊಂದು ರೊಟ್ಟಿ ಕೇಳುತ್ತಿದ್ದರು.

೧೯೫೨ರ ಒಂದು ಭಾನುವಾರ ಬೆಳಿಗ್ಗೆ ಮೈದುನ ಮಾರೆಣ್ಣ ಸಿರುಗುಪ್ಪದಿಂದ ಬಂದ. ಬಾಗಿಲು ಮುಚ್ಚಿದ್ದವನೇ ತಲೆ ತಗ್ಗಿಸಿ ನಿಂತ.

"ಅತ್ತಿಗಿ, ಆದದ್ದಾತು. ಇಲ್ಲಿ ಒಬ್ಬಾಕಿನೇ ಯಾಕ ಇರ್ತೀರಿ? ಮನಿಗೆ ಬರ್ರಿ."

"ಕುಂದ್ರಪ್ಪ, ಉಂಡು ಹೋಗು" ಎಂದಳು ಸತ್ಯಮ್ಮ. ರೊಟ್ಟಿ ಬಡಿಯುವ ಕೈ ಮಾತ್ರ ನಿಲ್ಲಲಿಲ್ಲ.

ಮಾರೆಣ್ಣ ಬುಟ್ಟಿಯ ಕಡೆ ನೋಡಿದ. "ಇಷ್ಟು ರೊಟ್ಟಿ ಯಾರಿಗೆ?"

ಸತ್ಯಮ್ಮ ತಲೆ ಎತ್ತಿದಳು. "ಮನಿ ಮಂದಿಗೆ. ಆರಾಧನಿ ಮುಗಿಸಿ ಬರ್ತಾರ."

ಮತ್ತೆ ಬಡಿಯತೊಡಗಿದಳು. ಈಗ ಒಂದೊಂದು ಏಟಿನಡಿಯೂ ಹಿಟ್ಟಿತ್ತು.