ಆನೆ ಕಾಸಿನ ಚರ್ಮ

ನನ್ನ ಹೆಂಡತಿ ನಾಣ್ಯವನ್ನು ಎಂದೂ ಅಂಗೈಯಲ್ಲಿ ಇಟ್ಟುಕೊಂಡವಳಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳುಗಳಿಂದ ಅದರ ಅಂಚನ್ನು ಮಾತ್ರ ಹಿಡಿದು, ಉಸಿರು ತಾಗದ ಹಾಗೆ ಮುಖವನ್ನು ಸ್ವಲ್ಪ ಓರೆ ಮಾಡಿ ನೋಡುತ್ತಿದ್ದಳು. ನಾನು ಅಡುಗೆಯವನು. ನನ್ನ ಕೈಯಲ್ಲಿ ಯಾವಾಗಲೂ ಎಣ್ಣೆಯೋ ಹಿಟ್ಟೋ ನೀರೋ ಇರುತ್ತದೆ. "ನೀವು ಅಲ್ಲೇ ನಿಂತು ನೋಡಿ," ಎನ್ನುವಳು. ಮದುವೆಯಾದಾಗಿನಿಂದ ಅವಳ ನಾಣ್ಯಗಳನ್ನು ನಾನು ದೂರ ನಿಂತೇ ನೋಡಿದವನು.

ಸಿಯಾಲ್ದಾ ನಿಲ್ದಾಣದ ಪಕ್ಕದ ಗಲ್ಲಿಯಲ್ಲಿ ನಮ್ಮದೊಂದು ಇಡ್ಲಿ ದೋಸೆಯ ಸಣ್ಣ ಹೋಟೆಲು. ಒಳಗೆ ಒಲೆಯ ಹತ್ತಿರ ನಾನು, ಹೊರಗೆ ಗಲ್ಲಾದಲ್ಲಿ ಅವಳು. ರೈಲು ಇಳಿದು ಬರುವವರು ಕೊಡುವ ಚಿಲ್ಲರೆಯಲ್ಲಿ ಏನಾದರೂ ಬೇರೆ ಥರದ್ದು ಕಂಡರೆ ತೆಗೆದಿಡುತ್ತಿದ್ದಳು. ಕ್ರಮೇಣ ಇದು ಸುತ್ತಲಿನವರಿಗೆಲ್ಲ ಗೊತ್ತಾಯಿತು. ಕೂಲಿಗಳು, ಮೀನಿನವರು ತಮ್ಮ ಮನೆಯ ಮೂಲೆಯಲ್ಲಿ ಸಿಕ್ಕಿದ ಹಳೆಯ ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿ ತರುವರು, ಚಹಾ ಕುಡಿದು ಹೋಗುವರು. ಈಗ ಎಲ್ಲರೂ ಫೋನಿನಲ್ಲೇ ಹಣ ಕೊಡುತ್ತಾರೆ. "ಗಲ್ಲಾಕ್ಕೆ ಬಾಯೇ ಹೋಯ್ತು," ಎಂದು ಅವಳು ಕೊನೆಕೊನೆಗೆ ಹೇಳುತ್ತಿದ್ದಳು.

ಆನೆ ಕಾಸು ಬಂದದ್ದು ನಮಗೆ ಬಾಳೆ ಎಲೆ ತರುವ ಹೆಂಗಸಿನಿಂದ. ಇಲ್ಲಿನ ಬಂಗಾಳಿಗಳ ಮನೆಗಳಲ್ಲಿ ಲಕ್ಷ್ಮಿಯ ಬೆತ್ತದ ಬುಟ್ಟಿ ಇರುತ್ತದೆ. ಅದರಲ್ಲಿ ಕವಡೆ, ಭತ್ತ, ಹಿರಿಯರು ಹಾಕಿದ ಹಳೆಯ ನಾಣ್ಯ. ತನ್ನ ಅತ್ತೆಯ ಕಾಲದ ಬುಟ್ಟಿ ಗೆದ್ದಲು ತಿಂದು ಹೊಸದು ತಂದಾಗ ಅದರಲ್ಲಿದ್ದ ಒಂದನ್ನು ಅವಳು ನನ್ನ ಹೆಂಡತಿಗೆಂದು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು. ಒಂದು ಬದಿ ಆನೆ. ಮೈಸೂರು ಸೀಮೆಯ ಅರಸರ ಕಾಲದ ತಾಮ್ರದ ಕಾಸು. ಕಾಫಿ ಡಿಕಾಕ್ಷನ್ನಿನ ಬಣ್ಣ, ಆನೆಯ ಕಾಲುಗಳ ಸಂದಿನಲ್ಲಿ ಒಂದಿಷ್ಟು ಹಸಿರು.

"ಘಟ್ಟದ ಮೇಲಿನದ್ದು. ಆದ್ರೂ ನಮ್ಮ ಕಡೆಯದ್ದೇ ಅಲ್ವಾ," ಎಂದಳು ನನ್ನ ಹೆಂಡತಿ. "ಇದು ಇಲ್ಲಿಗೆ ಹೇಗೆ ಬಂದು ಸೇರಿತೋ."

ಆ ದಿನ ಅವಳು ನನಗೂ ಹತ್ತಿರ ಬರಲು ಬಿಟ್ಟಳು. ಭೂತಗನ್ನಡಿ ಹಿಡಿದು ಆನೆಯ ಕಣ್ಣು ತೋರಿಸಿದಳು. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ನಾನು ಸಂತೋಷದಲ್ಲಿ, "ತೊಳೆದು ಕೊಡ್ಲಾ?" ಎಂದು ಕೇಳಿದೆ.

ಅವಳಿಗೆ ಸಿಟ್ಟು ಬಂತು. "ಅದು ಕೊಳೆ ಅಲ್ಲ. ಅದರ ಚರ್ಮ. ಒಮ್ಮೆ ಕಿತ್ತರೆ ಹೋಯ್ತು. ಮತ್ತೆ ಅದನ್ನು ತಿಳಿದವರು ಯಾರೂ ಕೈಯಲ್ಲಿ ಹಿಡಿಯುದಿಲ್ಲ."

ನನ್ನ ಹಳೆಯ ಪಂಚೆಯ ತುಂಡೊಂದನ್ನು ಹರಿದು ಅದನ್ನು ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಳು. ಅವಳಲ್ಲಿದ್ದ ಎಲ್ಲ ನಾಣ್ಯಗಳಲ್ಲಿ ಬಟ್ಟೆ ಸಿಕ್ಕಿದ್ದು ಅದೊಂದಕ್ಕೇ.

ಎಲ್ಲ ಎಂದೆ. ಆದರೆ ಅವಳ ಬಳಿ ಉಳಿದದ್ದು ಕಡಿಮೆ. ಹೆಚ್ಚಿನವು ಅವಳ ಅಣ್ಣನ ಹೋಟೆಲಿನ ಗೋಡೆಯ ಮೇಲೆ ಇದ್ದವು, ಈಗಲೂ ಇವೆ. ಅವರದು ಪಾರ್ಕ್ ಸ್ಟ್ರೀಟಿನಲ್ಲಿ ದೊಡ್ಡ ಹೋಟೆಲು. ಉಡುಪಿಯ ಕಡೆಯಿಂದ ನನ್ನನ್ನು ಅಡುಗೆಗೆಂದು ಈ ಊರಿಗೆ ಕರೆತಂದವರು ಅವರು, ತಂಗಿಯನ್ನು ಕೊಟ್ಟವರೂ ಅವರು. ಅವರಿಗೂ ನಾಣ್ಯದ ಹುಚ್ಚು. ಗಾಜಿನ ಚೌಕಟ್ಟು, ಒಳಗೆ ಮಖಮಲ್ಲು, ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಅವರ ಹೆಸರು. ಭಾನುವಾರ ನಮ್ಮಲ್ಲಿಗೆ ಬಂದು ಕಾಫಿ ಕುಡಿಯುತ್ತ ಡಬ್ಬ ತೆಗೆಸುವರು. "ಇದು ನನ್ನ ಹತ್ರ ಇರ್ಲಿ. ನಿನ್ನಲ್ಲಿ ಇದ್ರೆ ಹಾಳಾಗ್ತದೆ," ಎಂದು ಕಿಸೆಗೆ ಹಾಕಿಕೊಳ್ಳುವರು. ಅಪ್ಪನಿಲ್ಲದ ಮನೆಯಲ್ಲಿ ಮುಂದೆ ನಿಂತು ಮದುವೆ ಮಾಡಿಸಿದ ಅಣ್ಣನಿಗೆ ಅವಳು ಏನು ಹೇಳಿಯಾಳು?

ಆನೆ ಕಾಸಿಗೆ ಮಾತ್ರ, "ಇದೊಂದು ಬೇಡ ಅಣ್ಣ," ಎಂದಳು.

ಅವರು ನಕ್ಕರು. "ಅಬ್ಬಾ, ಮಾತು ಬಂತು ನನ್ನ ತಂಗಿಗೆ." ಆದರೆ ಆಮೇಲೆ ಬಹಳ ಭಾನುವಾರ ಅವರು ನಮ್ಮ ಕಡೆ ಬರಲಿಲ್ಲ.

ಆ ವರ್ಷ ವಿಜಯದಶಮಿಯ ಮಾರನೆಯ ದಿನ ಅವರ ಹೋಟೆಲಿನಲ್ಲಿ ಊಟವಿತ್ತು. ನಮ್ಮ ಕಡೆಯ ಕೆಲವು ಮನೆಯವರು, ಅವರ ನಾಣ್ಯದ ಗೆಳೆಯರಾದ ಬಂಗಾಳಿ ಮಹನೀಯರು ಬಂದಿದ್ದರು. ಯಾರೋ ಗೋಡೆಯ ಮೇಲಿನ ಒಂದು ನಾಣ್ಯ ತೋರಿಸಿ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನನ್ನ ಹೆಂಡತಿ ಪಾಯಸದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದಳು.

"ನನ್ನ ತಂಗಿಯ ಗಲ್ಲಾದಲ್ಲಿ," ಎಂದರು ಅವರು, ಮೊದಲು ಹಿಂದಿಯಲ್ಲಿ, ಆಮೇಲೆ ನಮ್ಮವರಿಗಾಗಿ ಕನ್ನಡದಲ್ಲಿ. "ನಾನು ಹೋಗದೇ ಇದ್ದಿದ್ರೆ ಹುಣಸೆಹುಳಿ ಹಾಕಿ ತಿಕ್ಕಿ ತಿಕ್ಕಿ ಆರತಿ ತಟ್ಟೆಗೆ ಹಾಕ್ತಿದ್ಲು. ಅಡುಗೆಮನೆಯವರಿಗೆ ಎಂತ ಗೊತ್ತು, ಹೊಳೆದ್ರೆ ಸಾಕು."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಬಟ್ಟಲನ್ನು ಮೇಜಿನ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಅಲ್ಲಿ ಹಿಡಿಯಲು ನಾಣ್ಯವೇನೂ ಇರಲಿಲ್ಲ.

ಮನೆಗೆ ಹೋಗುವಾಗ ಮೆಟ್ರೋದಲ್ಲಿ ಒಂದೇ ಮಾತು ಹೇಳಿದಳು: "ನಾನು ತಿಕ್ಕುದಿಲ್ಲ ಅಂತ ಅಣ್ಣನಿಗೆ ಗೊತ್ತುಂಟು." ಲೇಕ್ ಗಾರ್ಡನ್ಸ್‌ನ ಮನೆ ತಲುಪಿದ ಮೇಲೆ ಡಬ್ಬವನ್ನು ಕಪಾಟಿನ ತಲೆಯ ಮೇಲೆ ಇಟ್ಟಳು. ಅದನ್ನು ಅವಳು ಮತ್ತೆ ಇಳಿಸಿದ್ದನ್ನು ನಾನು ನೋಡಿಲ್ಲ.

ಕಾಯಿಲೆ ಬಂದದ್ದು ಮರುವರ್ಷ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತಾದಾಗಲೆಲ್ಲ ಅವಳು ಬಾಗಿಲ ಕಡೆ ತಿರುಗಿ ಮಲಗುತ್ತಿದ್ದಳು. ನಾನೂ ಮಗಳೂ ಮಂಚದ ಈ ಬದಿಯಲ್ಲೇ ಕುಳಿತಿದ್ದರೂ. "ಅಣ್ಣನಿಗೆ ಪೂಜೋ ರಶ್ಶು," ಎಂದು ತಾನೇ ಸಮಾಧಾನ ಹೇಳಿಕೊಳ್ಳುವಳು. ಪೂಜೋ, ಇಲ್ಲಿಯವರ ದಸರೆ, ಮುಗಿಯಿತು, ಕಾಳಿ ಪೂಜೆಯೂ ಮುಗಿಯಿತು, ಅವರು ಬರಲಿಲ್ಲ. ಅವಳು ಹೋದಳು.

ಸಮಾರಾಧನೆಗೆ ಬಂದರು. ಚೆನ್ನಾಗಿ ಅತ್ತರು, ಚೆನ್ನಾಗಿ ಉಂಡರು. ಕೈ ತೊಳೆಯುವಲ್ಲಿ ನಾನು ನೀರು ಹಾಕುತ್ತಿದ್ದೆ.

"ಭಾವ, ಆ ಆನೆ ಕಾಸು ಎಲ್ಲಿ ಉಂಟು?"

"ಡಬ್ಬದಲ್ಲಿ ಉಂಟು."

"ನಿಮಗೆ ಅದರ ಸಂಗತಿ ಗೊತ್ತಿಲ್ಲ, ಮಗಳಿಗೆ ಅದು ಬೇಡ. ನನ್ನಲ್ಲಿ ಇದ್ರೆ ಅವಳ ನೆನಪು ಉಳೀತದೆ. ನಾಲ್ಕು ಜನ ನೋಡ್ತಾರೆ."

ಅವರ ಬೆರಳುಗಳಿಂದ ಪಾಯಸದ ತುಪ್ಪ ಇನ್ನೂ ಹೋಗಿರಲಿಲ್ಲ. ನಾನು ಮತ್ತೊಂದು ಚೊಂಬು ನೀರು ಹಾಕಿದೆ. "ಆಯ್ತು ಭಾವ," ಎಂದೆ.

ಅಷ್ಟು ಸುಲಭವಾಗಿ ಒಪ್ಪುತ್ತೇನೆಂದು ಅವರು ಎಣಿಸಿರಲಿಲ್ಲ. ಧ್ವನಿ ಮೆತ್ತಗಾಯಿತು. "ಕೆಳಗೆ ಅವಳ ಹೆಸರೇ ಹಾಕಿಸ್ತೇನೆ."

"ಅದು ಬೇಡ. ಬೇರೆ ಎಲ್ಲದಕ್ಕೂ ಹೇಗುಂಟೋ ಹಾಗೇ ಇರ್ಲಿ. ನಿಮ್ಮ ಹೆಸರೇ ಹಾಕಿ."

ಅವರು ಒದ್ದೆ ಕೈಯನ್ನೇ ನನ್ನ ಹೆಗಲ ಮೇಲೆ ಇಟ್ಟರು. "ದೊಡ್ಡ ಮನಸ್ಸು ಭಾವ ನಿಮ್ಮದು."

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಸಿಟ್ಟು ಬಂದರೆ ಕನ್ನಡ ಸಾಕಾಗುವುದಿಲ್ಲ. "ಅಪ್ಪ, ಸೀರಿಯಸ್ಲಿ? ಕಾಸು ಕೊಡ್ತೀರಿ, ಅಟ್ ಲೀಸ್ಟ್ ಅಮ್ಮನ ಹೆಸರಾದ್ರೂ ಹಾಕಿಸ್ಬಹುದಿತ್ತು. ಇತ್ನಾ ಕ್ಯಾ ಡರ್ ಹೈ ಮಾವನದ್ದು?" ಮಾವನಿಗೆ ಅಷ್ಟೇಕೆ ಹೆದರುತ್ತೀರಿ ಎಂದು ಕೇಳಿ ಕೋಣೆಗೆ ಹೋದಳು. ಆಮೇಲೆ ನನ್ನೊಡನೆ ಊಟ ತಿಂಡಿಗಷ್ಟೇ ಮಾತು. ಮನಸ್ಸಿನಲ್ಲಿದ್ದದ್ದನ್ನು ಅವಳಿಗೆ ಹೇಳಿದರೆ ನಾನೇ ಹಿಂದೆಗೆಯಬಹುದು ಎಂಬ ಭಯವಿತ್ತು.

ಕಾಸನ್ನು ಗೋಡೆಗೆ ಏರಿಸಲು ಭಾವ ಒಂದು ಭಾನುವಾರ ಗೊತ್ತು ಮಾಡಿದರು. ನಾಣ್ಯದ ಗೆಳೆಯರನ್ನೆಲ್ಲ ಕರೆದಿದ್ದರು. ಚೌಕಟ್ಟಿನ ಫೋಟೋ ನನ್ನ ವಾಟ್ಸಾಪಿಗೆ ಬಂತು. ನೀಲಿ ಮಖಮಲ್ಲು, ನಡುವೆ ಖಾಲಿ ಗುಂಡಿ, ಕೆಳಗೆ ಅವರ ಹೆಸರು.

ಆ ದಿನ ಬೆಳಿಗ್ಗೆ ಸಾರಿಗೆ ನೆನೆಸುವಂತೆಯೇ ಹುಣಸೆಹಣ್ಣು ನೆನೆಸಿದೆ. ಕಿವುಚಿ, ಒಂದು ಚಿಟಿಕೆ ಉಪ್ಪು ಹಾಕಿದೆ. ಡಬ್ಬ ಇಳಿಸಿ ಬಟ್ಟೆ ಬಿಚ್ಚಿದೆ. ಮೊದಲು ಅವಳ ಹಾಗೆ ಎರಡು ಬೆರಳಲ್ಲಿ ಅಂಚು ಹಿಡಿದು ಕಿಟಕಿಯ ಬೆಳಕಿಗೆ ತಂದೆ. ಭೂತಗನ್ನಡಿಯಲ್ಲಿ ಆ ಕಣ್ಣನ್ನು ಹುಡುಕಿದೆ. ಇತ್ತು. ಸಾಕಷ್ಟು ಹೊತ್ತು ನೋಡಿದೆ. ಆಮೇಲೆ ಕಾಸನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಅದರ ಭಾರ ನನ್ನ ಕೈಗೆ ಗೊತ್ತಾದದ್ದು ಅದೇ ಮೊದಲು.

ತಿಕ್ಕಿದೆ. ಹೆಬ್ಬೆರಳಿನಲ್ಲಿ, ಆಮೇಲೆ ಪಾತ್ರೆ ತಿಕ್ಕುವ ಹಸಿರು ನಾರಿನಲ್ಲಿ. ನೀರು ಕಂದಾಯಿತು. ಮೊದಲು ಆನೆಯ ಬೆನ್ನು ಕೆಂಪಗೆ ಎದ್ದು ಬಂತು, ಆಮೇಲೆ ಹೊಟ್ಟೆ, ಸೊಂಡಿಲು. ಕಾಲಿನ ಸಂದಿನ ಹಸಿರು ಹೋಗದೆ ನಿಂತಾಗ ದೇವರ ದೀಪ ತೊಳೆಯುವ ಬ್ರಷ್ಷು ತಂದೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಪೂಜೆಯ ಚೊಂಬು, ತಟ್ಟೆ, ಹೋಟೆಲಿನ ಹಂಡೆ, ಎಲ್ಲ ತಿಕ್ಕಿದ ಕೈ ಇದು. ಆದರೆ ಯಾವುದನ್ನೂ ಅಷ್ಟು ದ್ವೇಷದಿಂದ ತಿಕ್ಕಿದವನಲ್ಲ.

"ಅಪ್ಪ," ಮಗಳು ಹಿಂದೆ ನಿಂತಿದ್ದಳು. "ಅಮ್ಮ ಬೈತಾಳೆ."

"ಬೈಲಿ," ಎಂದೆ. ಬಂದು ಬೈಯಲಿ ಎಂದೇ ನನಗೂ ಇತ್ತು.

ಅವಳು ಪಾತ್ರೆಯಲ್ಲಿದ್ದ ಕಂದು ನೀರನ್ನೂ ನನ್ನ ಮುಖವನ್ನೂ ನೋಡಿದಳು. ತಡವಾಗಿ ಕೇಳಿದಳು, "ಕೆಳಗೆ ಹೆಸರು ಮಾವನದ್ದೇ ಅಲ್ವಾ?"

"ಹೌದು. ಹಿತ್ತಾಳೆಯಲ್ಲಿ ಕೆತ್ತಿಸಿ ಆಗಿದೆ."

ತಾಯಿ ಹೋದ ಮೇಲೆ ಅವಳು ನಕ್ಕದ್ದು ಆಗ. ನಕ್ಕು, ಅದೇ ಉಸಿರಿನಲ್ಲಿ ಅತ್ತಳು. ನಾನು ಕಾಸು ತೊಳೆದು ಮತ್ತೆ ಭೂತಗನ್ನಡಿ ಹಿಡಿದೆ. ಕಣ್ಣು ಕಾಣಿಸಲಿಲ್ಲ. ಅದನ್ನು ತೋರಿಸುತ್ತಿದ್ದ ಕಪ್ಪು ಹೋಗಿತ್ತು. ಆ ನೀರನ್ನು ಎಲ್ಲಿ ಚೆಲ್ಲುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದು ನಿಂತಿದ್ದೆ. ಕೊನೆಗೆ ಸಿಂಕಿಗೇ ಹೊಯ್ದೆ.

ಹೋಟೆಲಿನಲ್ಲಿ ಅವರು ತಂಗಿಯ ಬಗ್ಗೆ ನಾಲ್ಕು ಮಾತು ಆಡಿದರು. ನನ್ನನ್ನು ಮುಂದೆ ಕರೆದರು. ನಾನು ಪಂಚೆಯ ತುಂಡಿನಲ್ಲಿ ಸುತ್ತಿದ ಕಾಸನ್ನು ಅವರ ಕೈಗಿಟ್ಟೆ. ಅವರು ಅಂಚು ಹಿಡಿಯಲು ಬೆರಳು ಸಿದ್ಧ ಮಾಡಿಕೊಂಡೇ ಬಟ್ಟೆ ಬಿಚ್ಚಿದರು.

ದೀಪದ ಕೆಳಗೆ ಅದು ಹೊಸ ಚೊಂಬಿನ ಹಾಗೆ ಥಳಥಳಿಸಿತು. ಮುಂದಿನ ಸಾಲಿನ ಮುದುಕರೊಬ್ಬರು "ಇಶ್" ಎಂದರು, ಬಂಗಾಳಿಗಳು ಹಾಲು ಉಕ್ಕಿ ಚೆಲ್ಲಿದಾಗ ಹೇಳುವ ಹಾಗೆ. ಫೋಟೋಕ್ಕೆಂದು ಎತ್ತಿದ ಫೋನುಗಳು ಕೆಳಗಿಳಿದವು.

"ಚೆನ್ನಾಗಿ ತಿಕ್ಕಿದ್ದೇನೆ ಭಾವ," ಎಂದೆ. "ಹುಣಸೆಹುಳಿ ಹಾಕಿ. ನೀವು ಅಂದು ಹೇಳಿದ ಹಾಗೆ."

ಮುದುಕರು ಎದ್ದು ಬಂದು ನನ್ನ ಬೆನ್ನು ತಟ್ಟಿ, ನಿಮ್ಮ ತಪ್ಪಿಲ್ಲ, ನಿಮಗೆ ಗೊತ್ತಿರಲಿಲ್ಲ ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದರು. ಆಮೇಲೆ ಭಾವನ ಕಡೆ ತಿರುಗಿ, "ದಾದಾ, ನೀವು ಇವರಿಗೆ ಮೊದಲೇ ಹೇಳಬಾರದಿತ್ತೇ? ಇಷ್ಟು ವರ್ಷದ ಸಂಗ್ರಹ ನಿಮ್ಮದು," ಎಂದರು. ಉಳಿದವರೂ ತಲೆಯಾಡಿಸಿದರು. ಕಾದಿದ್ದ ಗುಂಡಿಯಲ್ಲಿ, ಕಾದಿದ್ದ ಹೆಸರಿನ ಮೇಲೆ, ಅವರು ಅದನ್ನು ಎಲ್ಲರೆದುರು ಇಡಲೇಬೇಕಾಯಿತು.

ಮೊನ್ನೆ ಆ ಕಡೆ ಹೋದಾಗ ಒಳಗೆ ಹೋಗಿ ಮಸಾಲೆ ದೋಸೆ ತರಿಸಿದೆ. ಚೌಕಟ್ಟು ಗೋಡೆಯಲ್ಲೇ ಇದೆ. ತೆಗೆದರೆ, ತಂಗಿಯ ನೆನಪಿನದ್ದು ಎಲ್ಲಿ ಹೋಯಿತೆಂದು ನಮ್ಮವರೆಲ್ಲ ಕೇಳುತ್ತಾರೆ. ಇದ್ದರೆ, ಇದು ಅಸಲಿಯೋ ನಕಲಿಯೋ ಎಂದು ತಿಳಿದವರು ಕೇಳುತ್ತಾರೆ. ಭಾವ ಬಂದು ನನ್ನ ಎದುರು ಕುಳಿತರು.

"ತಿಳಿದೇ ಮಾಡಿದ್ದಾ ಭಾವ?"

"ಅವಳು ಹೇಳಿದ್ಲು. ಅದು ಕೊಳೆ ಅಲ್ಲ, ಅದರ ಚರ್ಮ ಅಂತ."

ಅವರು ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸಿದರು. "ಅದು ನಾನು ಹೇಳಿಕೊಟ್ಟ ಮಾತು," ಎಂದರು. "ಸಣ್ಣವಳಿದ್ದಾಗ. ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಒಂದು ಬಿಲ್ಲೆ ಸಿಕ್ಕಿತ್ತು. ಅವಳು ಮಣ್ಣಿಗೆ ಉಜ್ಜಲಿಕ್ಕೆ ಹೊರಟಿದ್ಲು."

"ಹಾಗಾದ್ರೆ ಅವಳು ತಿಕ್ಕುದಿಲ್ಲ ಅಂತ ನಿಮಗೆ ಗೊತ್ತಿತ್ತು."

ಅವರು ಮಾಣಿಯನ್ನು ಕರೆದು, "ಭಾವನಿಗೆ ಒಂದು ಕಾಫಿ," ಎಂದರು.

ಕಾಫಿ ಬಂತು. ಚೆನ್ನಾಗಿತ್ತು. ನಾನು ಅವಸರ ಮಾಡಲಿಲ್ಲ, ಲೋಟದ ತಳ ಕಾಣುವ ತನಕ ಗುಟುಕು ಗುಟುಕಾಗಿ ಕುಡಿದೆ. ಅಷ್ಟು ಹೊತ್ತೂ ಅವರು ಆ ಚೌಕಟ್ಟಿನ ಕೆಳಗೆ, ನನ್ನ ಎದುರು, ಕುಳಿತಿರಬೇಕಾಯಿತು.